ಚರಿಗೆಯ ಅಡಿಯ ಹುಕುಂ

ನೀವು ಯಾವ ಊರಿನವರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕಿದ್ದರೆ, ಊಟ ಆಯಿತೇ ಎಂದು ಕೇಳುವುದಕ್ಕೂ ಮೊದಲು ಒಂದು ಮಾತು ಕೇಳುತ್ತಿದ್ದೆ: ನಿಮ್ಮಲ್ಲಿ ಹುಕುಂ ಎಲ್ಲಿಡುತ್ತಾರೆ?

ಇಸ್ಪೀಟಿನ ಮಾತು ಹೇಳುತ್ತಿದ್ದೇನೆ. ನಾಲ್ಕು ಜನ ಎದುರುಬದುರು ಕೂತು ಆಡುವಾಗ ಒಂದು ಜಾತಿಯ ಎಲೆ ಉಳಿದ ಮೂರು ಜಾತಿಯ ಎಲೆಗಳನ್ನು ಹೊಡೆದುಹಾಕುತ್ತದಲ್ಲ, ಆ ಜಾತಿಗೆ ನಮ್ಮ ಕಡೆ ಹುಕುಂ ಎನ್ನುತ್ತಾರೆ. ಸಣ್ಣ ಎರಡೇ ಇರಲಿ, ಅದು ಹುಕುಮಿನದಾದರೆ ಬೇರೆ ಜಾತಿಯ ಎಕ್ಕವೂ ಅದರ ಮುಂದೆ ತಲೆ ಬಾಗಿಸಬೇಕು. ಆದರೆ ನಾಲ್ಕು ಜಾತಿಯಲ್ಲಿ ಯಾವುದು ಹುಕುಂ ಎಂದು ಗೊತ್ತು ಮಾಡುವ ಬಗೆ ಮಾತ್ರ ಊರಿಂದ ಊರಿಗೆ ಬೇರೆ. ಹೊಳೆಯ ನೀರಿನ ರುಚಿ ಬೇರೆಯಾದ ಹಾಗೆ.

ಮನೆಯಲ್ಲಿ ಹದಿಮೂರು ದಿನದ ಕೂಸು ಇರುವಾಗ ಈ ಮುದುಕಿಗೆ ಇಸ್ಪೀಟು ಯಾಕೆ ನೆನಪಾಯಿತು ಎಂದು ನೀವು ನಗಬಹುದು. ನಗಿರಿ. ಈ ವಾರ ಯಾರು ನಕ್ಕರೂ ನನಗೆ ಸಂತೋಷವೇ. ನನ್ನ ಮೊಮ್ಮಗಳು ಭಾಗ್ಯ ತವರಿಗೆ, ಅಂದರೆ ನಮ್ಮ ದೋರನಹಳ್ಳಿಯ ಮನೆಗೆ ಬಂದು ಹಡೆದಿದ್ದಾಳೆ. ಹೆಣ್ಣು ಕೂಸು. ಮೂಗು ಥೇಟು ನನ್ನದು. ಆ ವಿಷಯದಲ್ಲಿ ಮನೆಯವರಿಗೆ ಅನುಮಾನವಿದೆ, ನನಗಿಲ್ಲ. ಕೂಸಿಗೆ ನೀರೆರೆಯಲೆಂದು ಅಟ್ಟದ ಮೇಲಿನ ಹಳೆಯ ಹಂಡೆ ಇಳಿಸಿದರು. ಬಗ್ಗಿಸಿದರೆ ಒಳಗಿನಿಂದ ಒಂದು ಹಿತ್ತಾಳೆಯ ನೀರಿನ ಚರಿಗೆ ಗಡಗಡ ಉರುಳಿ ಬಂದು ನನ್ನ ಕಾಲ ಹತ್ತಿರ ನಿಂತಿತು. ಹೊಟ್ಟೆಯ ಒಂದು ಮಗ್ಗುಲು ತಗ್ಗು ಬಿದ್ದ ಚರಿಗೆ.

ನನ್ನ ಮಗ, ಭಾಗ್ಯಳ ಅಪ್ಪ, ಅದನ್ನು ತಿರುಗಿಸಿ ನೋಡಿ, "ಯವ್ವಾ, ಇದನ್ನ ಗುಜರಿಗೆ ಹಾಕೂಣೇನು?" ಎಂದ.

"ನೀ ಹುಟ್ಟಿದ್ದು ಎಲ್ಲಿ?" ಎಂದು ಕೇಳಿದೆ.

"ಸುರಪುರದಾಗ."

"ಅಲ್ಲಿ ಹುಟ್ಟಿದ್ದು ಇದೇ ಚರಿಗಿ ಸಲುವಾಗಿ. ನಿನ್ನ ಬೇಕಾದ್ರ ಗುಜರಿಗೆ ಹಾಕ್ತೀನಿ. ಅದನ್ನ ತೊಳದು ಇಲ್ಲಿಡು."

ಅಜ್ಜನಾಗಿ ಮೊಮ್ಮಗಳನ್ನು ಎತ್ತಿದವನು ತಾಯಿಯ ಕೈಲಿ ಬೈಸಿಕೊಂಡು ಹುಣಸೆಹಣ್ಣು ಹಚ್ಚಿ ಚರಿಗೆ ತಿಕ್ಕುವುದನ್ನು ನೋಡಬೇಕಿತ್ತು ನೀವು.

ನನ್ನ ತವರು ಸುರಪುರ. ಅಪ್ಪ ಅಲ್ಲಿಯ ಕಚೇರಿಯಲ್ಲಿ ಜವಾನನಾಗಿದ್ದ. ನಿಜಾಮರ ಕಾಲ ಮುಗಿದು, ನಾವೆಲ್ಲ ಮೈಸೂರು ರಾಜ್ಯದವರು ಎಂದು ಆದ ಹೊತ್ತು ಅದು. ಮೈಸೂರು ಯಾವ ದಿಕ್ಕಿಗಿದೆ ಎಂದು ನಮ್ಮ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಆದರೂ ನಾವು ಮೈಸೂರಿನವರಾಗಿದ್ದೆವು. ನಿನ್ನೆಯ ತನಕ ಮಿಸಲು ಎಂದು ಕರೆಯುತ್ತಿದ್ದ ಕಾಗದದ ಕಟ್ಟನ್ನು ಇವತ್ತಿನಿಂದ ಕಡತ ಅನ್ನಬೇಕು ಎಂದು ಧಾರವಾಡದ ಕಡೆಯಿಂದ ಬಂದ ಹೊಸ ಸಾಹೇಬರು ಹೇಳಿದ್ದರಂತೆ. ಅಪ್ಪ ಮನೆಗೆ ಬಂದು, "ಹೊರೋದು ಅದೇ ಹೊರಿ, ಹೆಸರು ಅಷ್ಟ ಬ್ಯಾರೆ," ಎಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಆಮೇಲೆ ಇಸ್ಪೀಟಿನ ಕಟ್ಟು ತೆಗೆಯುತ್ತಿದ್ದ.

ಆ ಕಟ್ಟಿನ ಸೊಗಸು ಏನು ಹೇಳಲಿ! ಆಡಿ ಆಡಿ ಎಲೆಗಳು ಹಳೆಯ ಸೀರೆಯ ಸೆರಗಿನ ಹಾಗೆ ಮೆತ್ತಗಾಗಿದ್ದವು. ಚೌಕಟ್ ರಾಣಿ ಎಂದೋ ಕಳೆದುಹೋಗಿತ್ತು. ಅದರ ಬದಲಿಗೆ ಬೀಡಿ ಪಾಕೀಟಿನ ರಟ್ಟು ಕತ್ತರಿಸಿ, ಮೇಲೊಂದು ಬೊಟ್ಟು ಬರೆದು ಸೇರಿಸಿದ್ದರು. ಹಿಂದಿನಿಂದ ನೋಡಿದರೆ ರಾಣಿ ಯಾರ ಕೈಯಲ್ಲಿದ್ದಾಳೆ ಎಂದು ಕುರುಡರಿಗೂ ಗೊತ್ತಾಗಬೇಕು. ಆದರೂ ಗೊತ್ತಿಲ್ಲದವರ ಹಾಗೆ ಆಡಬೇಕು. ಅದು ಮರ್ಯಾದೆ. ನಾನು ಎರಡು ಜಮಾತು ಉರ್ದು ಓದಿ ಬಿಟ್ಟವಳು, ಕನ್ನಡದ ಅಕ್ಷರ ಬಂದದ್ದು ಮುಂದೆ ಮಗನ ಪಾಟಿ ನೋಡಿ. ಅದಕ್ಕೂ ಮೊದಲು ನನಗೆ ಬಂದ ಅಕ್ಷರವೆಂದರೆ ಎಕ್ಕ, ಬಾದಶಹ, ರಾಣಿ, ಗುಲಾಮ. ಗಂಡುಮಕ್ಕಳಿಲ್ಲದ ಮನೆ ನಮ್ಮದು. ನಾಲ್ಕನೆಯವರು ಬಾರದ ದಿನ ಅಪ್ಪ ಒಲೆಯ ಕಡೆ ನೋಡಿ, "ಬಾರಬೇ, ನಾಕನೇ ಕೈ ಆಗು," ಎನ್ನುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ, "ನಾಳಿ ಗಂಡನ ಮನ್ಯಾಗ ಇದನ್ನ ಬಡಸ್ತಾಳ?" ಎಂದು ಬೈಯುತ್ತಿದ್ದಳು. ಅವ್ವನಿಗೆ ಏನು ಗೊತ್ತಿತ್ತು.

ಆಟದ ಹೆಸರು ಮಿಂಡಿಕೋಟು. ನಾಲ್ಕು ಹತ್ತುಗಳಿರುತ್ತವಲ್ಲ, ಯಾವ ಜೋಡಿ ಹೆಚ್ಚು ಹತ್ತು ಗೆಲ್ಲುತ್ತದೋ ಅದರದು ಆಟ. ನಾಲ್ಕೂ ಗೆದ್ದರೆ ಸೋತವರಿಗೆ ಕೋಟು, ವಾರವೆಲ್ಲ ಅಣಕ. ನಮ್ಮ ಸುರಪುರದಲ್ಲಿ ಹದಿಮೂರು ಹದಿಮೂರು ಎಲೆ ಹಂಚಿ ಆಟ ಸುರು ಮಾಡಿಬಿಡುತ್ತಿದ್ದೆವು. ಹುಕುಂ ಎಂಬುದು ಇನ್ನೂ ಹುಟ್ಟಿರುವುದೇ ಇಲ್ಲ. ಒಬ್ಬರು ಬದಾಮು ಜಾತಿಯ ಎಲೆ ಇಳಿಸಿದರು ಎನ್ನಿ, ನನ್ನ ಕೈಯಲ್ಲಿ ಬದಾಮು ಮುಗಿದಿದೆ. ಆಗ ನಾನು ಬೇರೆ ಯಾವ ಎಲೆ ಹಾಕಿ ಹೊಡೆಯುತ್ತೇನೋ ಆ ಜಾತಿಯೇ ಅಲ್ಲಿಂದ ಹುಕುಂ. ಮೊದಲು ಕಡಿದವರದೇ ಹುಕುಂ. ನಾನು ಜಗತ್ತೆಲ್ಲ ಹೀಗೇ ಆಡುತ್ತದೆ ಎಂದು ತಿಳಿದಿದ್ದೆ. ಸೂರ್ಯ ನಮ್ಮ ಗುಡ್ಡದ ಹಿಂದೆ ಮುಳುಗುವುದನ್ನೇ ನೋಡಿದವಳು, ಎಲ್ಲರ ಸೂರ್ಯನೂ ಗುಡ್ಡದ ಹಿಂದೆಯೇ ಮುಳುಗುತ್ತಾನೆ ಎಂದು ತಿಳಿದ ಹಾಗೆ.

ರಾಜ್ಯ ಒಂದಾದ ಮರುವರ್ಷ ನನ್ನನ್ನು ದೋರನಹಳ್ಳಿಗೆ ಕೊಟ್ಟರು. ಶಹಾಪುರದ ಆಚೆ, ಬಂಡಿಯಲ್ಲಿ ಪೂರಾ ಒಂದು ದಿನದ ದಾರಿ. ಕುರಿ ಸಾಕುವ, ಜೋಳ ಬೆಳೆಯುವ ಮನೆ. ನನ್ನನ್ನು ಬಿಡಲು ಅಪ್ಪ ಬಂದ. ಬೇಸಿಗೆ. ಹೋಳಿಗೆ ಊಟ ಮುಗಿದು ಅಂಗಳದ ಬೇವಿನ ನೆರಳಿಗೆ ಕಂಬಳಿ ಹಾಸಿದ್ದರು. ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಹೊಸ ಬೀಗರನ್ನು ಕರೆದು, "ಮಿಂಡಿಕೋಟ ಬರ್ತದೇನ್ರಿ?" ಎಂದರು.

"ಯಾಕ ಬರಂಗಿಲ್ಲ?" ಎಂದ ಅಪ್ಪ. ಅವನ ಮುಖ ಹೂವಾಯಿತು.

ಇಬ್ಬರೂ ಅಷ್ಟೇ ಮಾತಾಡಿದ್ದು. ನಿಮ್ಮಲ್ಲಿ ಹ್ಯಾಗೆ, ನಮ್ಮಲ್ಲಿ ಹ್ಯಾಗೆ ಎಂದು ಯಾರೂ ಕೇಳಲಿಲ್ಲ. ಉಣ್ಣುವಾಗ ನಿಮ್ಮಲ್ಲಿ ತುತ್ತು ಎಲ್ಲಿಡುತ್ತೀರಿ ಎಂದು ಯಾರಾದರೂ ಕೇಳುತ್ತಾರೆಯೇ? ಮಾವನ ಜೋಡಿಗೆ ನೆರೆಮನೆಯ ನಿಂಗಪ್ಪ ಕೂತ. ಅಪ್ಪನ ಜೋಡಿಗೆ ನನ್ನ ನಾದಿನಿ ಗೌರವ್ವನ ಗಂಡ ಕೂತ. ಅವನು ಯಾದಗಿರಿಯವನು, ರೈಲಿನ ಹಳಿ ನೋಡಿಕೊಳ್ಳುವ ಕೆಲಸ. ಮೂರು ದಿನದ ಸೊಸೆ ನಾನು ಬಾಗಿಲ ಸಂದಿಯಲ್ಲಿ.

ಈಗ ದೋರನಹಳ್ಳಿಯ ಕಾಯ್ದೆ ಕೇಳಿರಿ. ಅಲ್ಲಿ ಎಲೆ ಹಂಚಿದ ಕೂಡಲೇ ಒಬ್ಬರು ತಮ್ಮ ಕೈಯಿಂದ ಒಂದು ಎಲೆ ತೆಗೆದು ಬೋರಲು ಇಡಬೇಕು. ಅದರ ಜಾತಿಯೇ ಹುಕುಂ, ಆದರೆ ಇಟ್ಟವರಿಗೊಬ್ಬರಿಗೇ ಗೊತ್ತು. ಮುಂದೆ ಯಾರಿಗಾದರೂ ಜಾತಿ ಮುಗಿದಾಗ "ಹುಕುಂ ತೆಗೀರಿ" ಎಂದರೆ ಮಾತ್ರ ಅದನ್ನು ಮಗುಚಬೇಕು. ಕುರಿ ಕಾಯುವವರು ಬಯಲಲ್ಲಿ ಕೂತು ಆಡುವ ಜನ, ಗಾಳಿಗೆ ಎಲೆ ಹಾರಬಾರದೆಂದು ಆ ಮುಚ್ಚಿದ ಎಲೆಯ ಮೇಲೆ ನೀರು ತುಂಬಿದ ಚರಿಗೆ ಇಡುವುದು ಅವರ ಪದ್ಧತಿ. ತುಂಬಿದ ಚರಿಗೆಯನ್ನು ಹುಕುಂ ತೆಗೆಯುವ ತನಕ ಯಾರೂ ಮುಟ್ಟುವುದಿಲ್ಲ. ಅಲ್ಲಿಯ ಹಸುಗೂಸಿಗೂ ಅದು ಗೊತ್ತು.

ಅಪ್ಪನಿಗೆ ಗೊತ್ತಿರಲಿಲ್ಲ. ಮಾವ ಎಲೆ ಇಟ್ಟು ಚರಿಗೆ ಏರಿಸುವಾಗ ಅವನು ಅತ್ತ ತಿರುಗಿ ಎಲೆಅಡಿಕೆ ಉಗುಳುತ್ತಿದ್ದ. ಸುಣ್ಣ ಹೆಚ್ಚಾಗಿತ್ತೋ ಏನೋ, ಬಾಯಿ ಉರಿಯುತ್ತ ತಿರುಗಿ ನೋಡುತ್ತಾನೆ, ಎದುರಿಗೆ ಥಣ್ಣಗೆ ಚರಿಗೆ ತುಂಬ ನೀರು! ಬೀಗರು ಎಷ್ಟು ಅಂತಃಕರಣದವರು ಎಂದುಕೊಂಡಿರಬೇಕು. ಎತ್ತಿದ. ಗಟಗಟ ಮೇಲೆತ್ತಿ ಕುಡಿದ. ಚರಿಗೆಯ ಒದ್ದೆ ತಳಕ್ಕೆ ಅಂಟಿಕೊಂಡು ಮೇಲೆದ್ದ ಎಲೆ ಅವನ ತೊಡೆಯ ಮೇಲೆ ಬಿತ್ತು. ತನ್ನ ಕೈಯಿಂದಲೇ ಜಾರಿತು ಎಂದು ತಿಳಿದು ಅದನ್ನೆತ್ತಿ ನೋಡಿ, ಧೋತರಕ್ಕೆ ಒರೆಸಿ, ತನ್ನ ಎಲೆಗಳ ನಡುವೆ ಸೇರಿಸಿಕೊಂಡ.

ಅಂಗಳದಲ್ಲಿ ಕುರಿಗಳು ಸಹ ಮೇವು ಬಿಟ್ಟು ನೋಡಿದವು ಅನ್ನಿಸುತ್ತದೆ ನನಗೆ.

"ಏನ್ರೀ ಬೀಗರ," ಎಂದರು ಮಾವ, "ಹುಕುಂನೇ ನುಂಗಿಬಿಟ್ರಲ್ಲ!"

ಅಪ್ಪ ಚೇಷ್ಟೆ ಎಂದು ತಿಳಿದು ನಕ್ಕ. "ನೀರು ನುಂಗೀನ್ರಿ. ನಿಮ್ಮ ಮನ್ಯಾಗ ನೀರಿಗೂ ಅಪ್ಪಣಿ ಕೇಳಬೇಕೇನು?"

"ನೀರಿಗಲ್ಲ. ಅಡಿಗಿದ್ದದ್ದಕ್ಕ ಕೇಳಬೇಕು. ಕದ್ದು ನೋಡಿದ್ದಲ್ದ ಕೈಯಾಗೂ ಸೇರಿಸ್ಕೊಂಡ್ರಿ."

"ಕದ್ದು? ಯಾರು ಕದ್ದದ್ದು?" ಅಪ್ಪನ ನಗೆ ಅಲ್ಲೇ ನಿಂತಿತು. "ಆಟ ಇನ್ನಾ ಸುರುವಾಗಿಲ್ಲ, ಯಾರೂ ಕಡದಿಲ್ಲ, ಹುಕುಂ ಎಲ್ಲಿಂದ ಬಂತ್ರಿ? ಸುಳ್ಳ ಹೇಳಿ ಮೈಮ್ಯಾಲ ಬರ್ತೀರಿ?"

"ಸುರಪುರದವರು ಶಾಣ್ಯಾ ಅಂತ ಕೇಳಿದ್ದೆ. ಇಷ್ಟ ಶಾಣ್ಯಾ ಅಂತ ಗೊತ್ತಿರಲಿಲ್ಲ."

ಗೌರವ್ವನ ಗಂಡ ನಡುವೆ ಬಾಯಿ ಹಾಕಿದ. "ನಮ್ಮ ಯಾದಗಿರ್ಯಾಗ ಮೊದಲ ಐದೈದು ಎಲಿ ಹಂಚ್ತೀವಿ, ಅದರಾಗ ನೋಡಿ ಹುಕುಂ ಇಂಥಾದ್ದು ಅಂತ ಕೂಗೇ ಬಿಡ್ತೀವಿ. ಚರಿಗೀನೂ ಬ್ಯಾಡ, ಜಗಳಾನೂ..."

"ನೀ ಸುಮ್ಕಿರೋ!" ಎಂದರು ಇಬ್ಬರೂ ಕೂಡಿ. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ನೋಡಿ, ಬಾಗಿಲು ಅಲ್ಲೇ ತೆರೆದಿತ್ತು. ಆ ಬಡವ ಮೂರನೆಯ ಊರಿನ ಕಾಯ್ದೆ ಹೇಳಿದಾಗಲಾದರೂ, ಅರೆ, ಊರಿಗೊಂದು ಇರಬಹುದಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಪ್ಪ ಎದ್ದು ಚರಿಗೆಯನ್ನು ಕಲ್ಲಿನ ಮೇಲೆ ಅಪ್ಪಳಿಸಿದ. ಆ ತಗ್ಗು ಬಿದ್ದದ್ದು ಆಗ. "ಇನ್ನ ಈ ಮನೀ ನೀರು ಮುಟ್ಟಿದ್ರ ನಾ ನಮ್ಮಪ್ಪಗ ಹುಟ್ಟಿದವನಲ್ಲ," ಎಂದು ರುಮಾಲು ಸುತ್ತಿಕೊಂಡು ನಡೆದ. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ನಿಂಗಪ್ಪ ಕಂಬಳಿಯಿಂದ ಎಲೆ ಆಯುತ್ತ, "ರಾಜ್ಯ ಒಂದಾತು ಅಂತಾರ, ಒಂದ ಆಟ ಒಂದಾಗವಲ್ದು," ಎಂದ.

ನಾನು ಅಪ್ಪನ ಪಕ್ಷ. ಮಾವ ಸುಳ್ಳು ಹೇಳಿದರು ಎಂದೇ ನಂಬಿದ್ದೆ. ಸಿಟ್ಟಿಗೆ ಎರಡು ದಿನ ಅವರ ರೊಟ್ಟಿಗೆ ಉಪ್ಪು ಹೆಚ್ಚು ಹಾಕಿದೆ. ಅವರು ಏನೂ ಅನ್ನದೆ ತಿಂದರು. ಅದೂ ಒಂದು ಸಿಟ್ಟು ನನಗೆ.

ತಿಂಗಳುಗಳಾದವು. ಕಸ ಗುಡಿಸುವ ನೆಪ, ಕಾಳು ಆರಿಸುವ ನೆಪ ಮಾಡಿ ನಾನು ಅವರ ಆಟ ನೋಡತೊಡಗಿದೆ. ಒಂದು ಮಧ್ಯಾಹ್ನ ಕಂಡಿತು: ಎಲೆ ಬೋರಲು, ಅದರ ಮೇಲೆ ಚರಿಗೆ. ದಿನಾ ಹಾಗೇ. ಬೀಗರಿಗಾಗಿ ಹೂಡಿದ ಮೋಸವಲ್ಲ ಅದು, ಅವರು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು. ಮರದ ಕೆಳಗೆ ಕಸಬರಿಗೆ ಹಿಡಿದು ನಿಂತೇಬಿಟ್ಟೆ. ಇಬ್ಬರೂ ಖರೆ ಮನುಷ್ಯರು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅಂದುಕೊಂಡು ಒಂದು ದಿನದ ದಾರಿಯ ಎರಡು ತುದಿಗೆ ಕೂತಿದ್ದಾರೆ. ಅವರಿಗೆ ತಿಳಿಸಿ ಹೇಳಬಹುದಾದವಳು ನಾನೊಬ್ಬಳೇ, ನಾನು ಮಾವನೆದುರು ಬಾಯಿ ತೆರೆಯಬಾರದ ಸೊಸೆ.

ಅಷ್ಟರಲ್ಲಿ ನಾನು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅಪ್ಪನೇ ಬಂದು ಗಂಡನ ಮನೆಯಲ್ಲಿ ನೀರು ಕುಡಿದು, ಉಂಡು, ಮಗಳನ್ನು ಕರೆದೊಯ್ಯಬೇಕು. ನೀರು ಮುಟ್ಟೆನೆಂದು ಆಣೆ ಹಾಕಿದವನು ಹೇಗೆ ಬರುತ್ತಾನೆ? ಬಳೆಗಾರಳ ಕೈಯಲ್ಲಿ ಅವ್ವ ಹೇಳಿ ಕಳಿಸಿದಳು: "ನಿಮ್ಮಪ್ಪ ಬಾಗಲದಾಗ ಕೂತು ನಿನ್ನ ದಾರಿ ನೋಡ್ತಾನ. ಆದ್ರ ಅವರೇ ಬರಲಿ ಅಂತಾನ." ಮಾವ ಅದನ್ನು ಕೇಳಿ ಕುರಿಹಟ್ಟಿಯ ಕಡೆ ನಡೆದುಬಿಟ್ಟರು. ಅತ್ತೆ ಮಾತ್ರ, "ಇಲ್ಲೇ ಆದ್ರ ಇಲ್ಲೇ ಆಗಲಿ ಬಿಡವಾ," ಎಂದು ನನ್ನ ತಲೆ ಸವರಿದರು. ಒಳ್ಳೆಯ ಹೆಂಗಸು. ಆದರೆ ನನಗೆ ಹದಿನಾರು ವರ್ಷ. ನನಗೆ ನಮ್ಮವ್ವ ಬೇಕಾಗಿತ್ತು. ಜೋಳದ ಕಣಜದ ಹಿಂದೆ ನಿಂತು ಎಷ್ಟು ಅತ್ತೆನೆಂದರೆ ಈಗ ಕೂಸು ಅತ್ತರೂ ಅಷ್ಟು ಅಳುವುದಿಲ್ಲ.

(ಕೂಸು ಈಗ ನಿಜವಾಗಿ ಅತ್ತಿತು. ಹೋಗಿ ಬಂದೆ. ನನ್ನ ಬೆರಳು ಹಿಡಿದುಕೊಂಡಿತು, ಬಿಡಲೊಲ್ಲದು. ಎಲೆ ಹಿಡಿಯುವ ಕೈ ಅದು, ಬರೆದಿಟ್ಟುಕೊಳ್ಳಿ.)

ಏಳು ತಿಂಗಳು ತುಂಬಿತ್ತು. ಮರುವರ್ಷದ ಮಳೆಗಾಲ, ಹೊಲಕ್ಕೆ ಹೋಗಲು ಕೆಸರು. ನಿಂಗಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಗೌರವ್ವ ಗಂಡನೊಡನೆ ತವರಿಗೆ ಬಂದಿದ್ದಳು. ಪಡಸಾಲೆಯಲ್ಲಿ ಮಾವ, ಅಳಿಯ, ನಮ್ಮ ಮನೆಯವರು, ಹೀಗೆ ಮೂರೇ ಕೈ. ನಮ್ಮ ಮನೆಯವರ ಹೆಸರು ನಾನು ಇವತ್ತಿಗೂ ಹೇಳುವುದಿಲ್ಲ, ಕೇಳಬೇಡಿ. ಮಾವ ಎಲೆ ಕಲಸುತ್ತ, ಇಡುತ್ತ, ಮತ್ತೆ ಕಲಸುತ್ತ ಕೂತಿದ್ದರು. ಗೌರವ್ವ ಥಟ್ಟನೆ, "ಅಪ್ಪಾ, ವೈನಿಗೆ ಬರ್ತದ. ಕಣಜದ ಹಿಂದ ಒಬ್ಬಾಕಿನೇ ಎಲಿ ಹಾಸ್ಕೊಂಡ ಕೂತಿದ್ದು ನೋಡೀನಿ," ಎಂದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ನನ್ನ ಕಡೆ ನೋಡಲಿಲ್ಲ, ಬೇವಿನ ಕಡೆ ನೋಡಿದರು. "ಬಸುರಿ ಹೆಣ್ಣುಮಗಳು. ಬ್ಯಾಸರಾಗಿದ್ರ ಕೂಡಲಿ," ಎಂದರು.

ಸೆರಗು ಮೂಗಿನ ತನಕ ಎಳೆದುಕೊಂಡು ಕೂತೆ. ಮಾವನ ಎದುರಿಗೆ, ಅವರದೇ ಜೋಡಿಗೆ. ಮಾವ ಒಂದು ಎಲೆ ಬೋರಲು ಇಟ್ಟರು. ಅದೇ ತಗ್ಗು ಬಿದ್ದ ಚರಿಗೆ ತುಂಬಿಸಿ ಮೇಲಿಟ್ಟರು. ಮೊದಲ ಎಲೆ ಇಳಿಯುವ ಮುಂಚೆ ನಾನು ಕೈ ಚಾಚಿ ಚರಿಗೆ ಎತ್ತಿದೆ. ಎತ್ತಿ ಕುಡಿದೆ. ಅರ್ಧ ನೀರು ರವಿಕೆಗೆ ಹೋಯಿತು, ಆದರೂ ಕುಡಿದೆ.

ಏಳು ತಿಂಗಳ ಬಸುರಿ ನೀರು ಕುಡಿದರೆ ಯಾವ ದೇವರು ತಾನೇ ಬೈದಾನು? ಮಾವ ಚರಿಗೆ ಹಿಡಿಯಲು ಕೈ ಚಾಚಿ ಹಿಂದಕ್ಕೆ ತೆಗೆದರು.

"ಯಾಕ್ರೀ ಮಾವ?" ಎಂದೆ. ಅವರೊಡನೆ ನಾನು ಆಡಿದ ಮೊದಲ ಮಾತು ಅದು. "ಈ ಚರಿಗಿ ಕುಡಿಯೋದಲ್ಲೇನ್ರಿ?"

"ಅದರ ಅಡಿಗೆ ಹುಕುಂ ಅದವಾ."

"ನಮ್ಮ ಸುರಪುರದಾಗ ಹುಕುಂ ಎಲ್ಲೂ ಇಡಂಗಿಲ್ರಿ. ಚರಿಗ್ಯಾಗ ಕುಡಿಯೋ ನೀರು ಅಷ್ಟ ಇರ್ತಾವ."

ಹೊರಗೆ ಮಳೆ ಸುರಿಯುತ್ತಿತ್ತು. ಮಾವ ಆ ಬೋರಲು ಎಲೆಯ ಮೇಲಿನ ಹನಿ ಒರೆಸಿದರು. ಆಮೇಲೆ ಕೇಳಿದ್ದೇನು ಗೊತ್ತೇ? ತಪ್ಪು ಯಾರದು ಎಂದಲ್ಲ. "ಮತ್ತ ನಿಮ್ಮಲ್ಲಿ ಹುಕುಂ ಎಲ್ಲಿಂದ ಬರ್ತದ?" ಎಂದು ಕೇಳಿದರು. ಸಣ್ಣ ಹುಡುಗ ಮಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದ ಹಾಗೆ.

ಹೇಳಿದೆ. ಜಾತಿ ಮುಗಿದಾಗ ಮೊದಲು ಕಡಿದವರದು ಹುಕುಂ ಎಂದೆ. ಅವರು ನಂಬಲಿಲ್ಲ, ಆಡಿ ತೋರಿಸು ಎಂದರು. ಆಡಿದೆವು. ಸಂಜೆಯ ತನಕ ಸುರಪುರದ ಆಟ. ಮಾವನಿಗೆ ಅಭ್ಯಾಸ ತಪ್ಪದು, ಪ್ರತಿ ಆಟಕ್ಕೂ ಕೈ ಎಲೆ ಇಡಲು ಹೋಗುತ್ತಿತ್ತು. ಆಮೇಲೆ ಅಳಿಯನ ಕಡೆ ತಿರುಗಿ, "ನೀ ಆವತ್ತ ಏನೋ ಅಂತಿದ್ದೆಲಾ, ಐದು ಎಲಿ? ಈಗ ಹೇಳು," ಎಂದರು. ಅವನು ಉಬ್ಬಿ ಹೇಳಿದ. ಯಾದಗಿರಿಯಲ್ಲಿ ಹತ್ತುಗಳ ಗೊಡವೆಯೇ ಇಲ್ಲವಂತೆ, ಯಾರು ಮೊದಲು ಏಳು ಕೈ ಗೆಲ್ಲುತ್ತಾರೋ ಅವರದೇ ಆಟವಂತೆ. "ಯಾಕ ಹಾಂಗ?" ಎಂದರೆ ಅವನಿಗೂ ಗೊತ್ತಿಲ್ಲ. "ರೈಲು ಬಂದೀತು ಅಂತ ಗಡಬಡಿ ಇರಬೇಕು," ಎಂದರು ಮಾವ.

ದೀಪ ಹಚ್ಚುವ ಹೊತ್ತಿಗೆ ಮಾವ ಎಲೆ ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಆದ್ರ ಆವತ್ತ ಬೀಗರು ಎಲಿ ಕೈಯಾಗ ಸೇರಿಸ್ಕೊಂಡ್ರಲ್ಲವಾ?"

"ತನ್ನದೇ ಎಲಿ ಬಿದ್ದದ ಅಂತ ತಿಳದಾನ್ರಿ. ನಮ್ಮಪ್ಪಗ ಎಲಿ ಎಣಿಸೋ ರೂಢಿ ಇಲ್ಲ."

ಮಾವ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು, ಕೆಮ್ಮಿ ಮತ್ತೆ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು. "ನೀರು ಕುಡದವನ್ನ ಕಳ್ಳ ಅಂದ್ನಲ್ಲ ನಾ," ಎಂದರು.

ಮಳೆ ಬಿಟ್ಟ ಮೂರನೆಯ ದಿನ ಬಂಡಿ ಹೂಡಿಸಿದರು. ನಮ್ಮ ಬಾವಿಯ ನೀರು ಸೇದಿ ಆ ಚರಿಗೆಗೆ ತುಂಬಿಸಿ, ಬಾಯಿಗೆ ಮುತ್ತಲೆಲೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಸುರಪುರದ ದಾರಿ ಹಿಡಿದರು. ಹೆಣ್ಣು ಕೊಟ್ಟವರ ಮನೆಗೆ ಕರೆಯದೆ ಹೋಗುವುದು ಗಂಡಿನ ಕಡೆಯವರಿಗೆ ಸಣ್ಣ ಮಾತಲ್ಲ ಆಗ. ಅತ್ತೆ ಬಾಗಿಲಲ್ಲಿ ನಿಂತು, "ಅಲ್ಲೇನು ನೀರಿಲ್ಲೇನು?" ಎಂದರು. "ಅವರು ಒಲ್ಲೆ ಅಂದದ್ದು ಈ ಮನೀ ನೀರು," ಎಂದರಂತೆ ಮಾವ.

ಮುಂದಿನದನ್ನು ಅವ್ವ ಸಾಯುವ ತನಕ ನೂರು ಸಲ ಹೇಳಿದ್ದಾಳೆ. ದಾರಿಯ ಕುಲುಕಿಗೆ ಶಹಾಪುರ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿ, ಸುರಪುರದ ಏರು ಹತ್ತುವಷ್ಟರಲ್ಲಿ ಬೊಗಸೆ ನೀರು ಉಳಿದಿತ್ತಂತೆ. ಮಾವನ ಧೋತರವೆಲ್ಲ ಒದ್ದೆ. ಅಪ್ಪ ಕಟ್ಟೆಯ ಮೇಲೆ ಕೂತವನು ಏಳಲೂ ಇಲ್ಲ, ಬರ್ರಿ ಎನ್ನಲೂ ಇಲ್ಲ. ಮಾವ ಅವನೆದುರು ಚರಿಗೆ ಇಟ್ಟರು. ಮತ್ತೆ ಅದನ್ನು ಎತ್ತಿ, ಕೆಳಗಿನ ಬರಿ ನೆಲ ತೋರಿಸಿ ಹೇಳಿದರಂತೆ:

"ನೋಡ್ರಿ ಬೀಗರ, ಅಡಿಗೆ ಏನೂ ಇಲ್ಲ. ಕುಡೀರಿ."

ಅಪ್ಪ ಚರಿಗೆ ನೋಡಿದ. ತಾನೇ ಮಾಡಿದ ತಗ್ಗು ನೋಡಿದ. ಎತ್ತಿ ಎರಡು ಗುಟುಕು ಕುಡಿದ. ಕುಡಿದು, "ಸ್ವಲ್ಪ ಸವುಳದ ನಿಮ್ಮ ನೀರು," ಎಂದ. ಅವ್ವ ಒಳಗೆ ಹೋಗಿ ಅತ್ತಳಂತೆ. ಆಮೇಲೆ ಇಬ್ಬರೂ ಇಸ್ಪೀಟಿಗೆ ಕೂತರು, ಮತ್ತೆ ಜಗಳ. ಮಾವ ನಿಮ್ಮ ಕಾಯ್ದೆ ಎಂದರೆ, ಅಪ್ಪ ಇಲ್ಲ ನಿಮ್ಮದೇ ಎಂದ. ಒಬ್ಬರೂ ಸೋಲಲೊಲ್ಲರು. ಕೊನೆಗೆ ಯಾದಗಿರಿಯ ಆಟ ಆಡಿದರಂತೆ, ಇಬ್ಬರಿಗೂ ಬಾರದ್ದನ್ನು.

ಹದಿನೈದು ದಿನಕ್ಕೆ ಅಪ್ಪ ಬಂದು ನನ್ನನ್ನು ಕರೆದೊಯ್ದ. ಮಗ ಸುರಪುರದಲ್ಲಿ, ನಮ್ಮವ್ವನ ಕೈಯಲ್ಲಿ ಹುಟ್ಟಿದ. ಅಂದಿನಿಂದ ಮಾವ ಆಟಕ್ಕೆ ಕೂತಾಗ ಹುಕುಮಿನ ಮೇಲೆ ಖಾಲಿ ಚರಿಗೆ ಇಡುತ್ತಿದ್ದರು, ಬದಿಗೆ ಇನ್ನೊಂದು ಚರಿಗೆಯಲ್ಲಿ ನೀರು. ಯಾರೇ ಹೊಸಬರು ಬಂದರೂ ಎಲೆ ಹಂಚುವ ಮೊದಲು, "ನಿಮ್ಮಲ್ಲಿ ಹುಕುಂ ಎಲ್ಲಿಡ್ತೀರಿ?" ಎಂದು ಕೇಳುತ್ತಿದ್ದರು. ಮಾವ ಹೋದ ಮೇಲೆ ಆ ಪ್ರಶ್ನೆ ನನ್ನ ಪಾಲಿಗೆ ಬಂತು. ಕೇಳದೆ ಬಿಟ್ಟವರಿಲ್ಲ: ಉಣ್ಣೆ ಕೊಳ್ಳಲು ಬಂದವರು, ಶಿರವಾಳದ ಗುಡಿ ನೋಡಲು ಬಂದು ದಾರಿ ತಪ್ಪಿದವರು, ಒಮ್ಮೆ ಸೂಜಿ ಚುಚ್ಚಲು ಬಂದ ನರ್ಸಮ್ಮ. ಒಬ್ಬರು ಬಲದಿಂದ ಹಂಚುತ್ತಾರೆ, ಒಬ್ಬರು ಎಡದಿಂದ. ಅದೇ ಕೆಂಪು ಗುರುತು ನಮಗೆ ಬದಾಮು, ಯಾದಗಿರಿಯವರಿಗೆ ವೀಳ್ಯದ ಪಾನು. ಅದೇ ಐವತ್ತೆರಡು ಎಲೆ ನೋಡಿ. ಯಾಕೆ ಹೀಗೆ ಎಂದು ನನಗೆ ಇನ್ನೂ ತಿಳಿದಿಲ್ಲ. ತಿಳಿದರೆ ಕೇಳುವ ಸುಖ ಹೋದೀತು.

ಭಾಗ್ಯಳ ಗಂಡ ಮೈಸೂರಿನ ಕಡೆಯವನು. ಭೀಮರಾಯನಗುಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಹುಡುಗಿಯಾಗಿದ್ದಾಗ ಹೆಸರಷ್ಟೇ ಕೇಳಿದ ಮೈಸೂರು ಕೊನೆಗೆ ತಾನೇ ನಮ್ಮ ಮನೆ ಬಾಗಿಲಿಗೆ ಬಂತು. ನಿನ್ನೆ ಕೂಸನ್ನು ತೊಟ್ಟಿಲಿಗೆ ಹಾಕಲು ಅಳಿಯನ ಅಪ್ಪ ಅಮ್ಮ ಬಂದಿದ್ದರು. ಊಟವಾದ ಮೇಲೆ ಬೀಗಿತಿ ಚೀಲದಿಂದ ಹೊಳೆಯುವ ಹೊಸ ಇಸ್ಪೀಟು ತೆಗೆದರು! ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡೆ ಕೂಡ.

"ನಿಮ್ಮಲ್ಲಿ ಹುಕುಂ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎರಡರಿಂದ ಆರರ ತನಕದ ಎಲೆಗಳನ್ನೆಲ್ಲ ಆರಿಸಿ ಬದಿಗೆಸೆದರು. "ಇವು ಬೇಡ ಅಜ್ಜಿ. ನಾವು ಆಡೋದು ಇಪ್ಪತ್ತೆಂಟು. ನಮ್ಮ ಕಡೆ ಗುಲಾಮನೇ ಎಲ್ಲರಿಗಿಂತ ದೊಡ್ಡೋನು."

"ಬಾದಶಹ?"

"ಅವನಿಗೇನೂ ಬೆಲೆ ಇಲ್ಲ. ಒಂಬತ್ತು ಬಂದ್ರೂ ಅವನು ಸೋತ."

ನಿಂಗಪ್ಪ ಇದ್ದಿದ್ದರೆ ಕುಣಿಯುತ್ತಿದ್ದ. ನಿಜಾಮರು ಹೋದ ಮೇಲೆ ಬಾದಶಹನ ಎಲೆಗೆ ಯಾಕೆ ಮರ್ಯಾದೆ ಕೊಡಬೇಕು ಎಂದು ಅವನು ತಿಂಗಳುಗಟ್ಟಲೆ ಮಾವನ ಕೂಡ ವಾದ ಮಾಡಿದ್ದ. ಅವನ ನ್ಯಾಯ ಮೈಸೂರಿನಲ್ಲಿ ಎಂದೋ ಆಗಿಹೋಗಿತ್ತು, ನಮಗೆ ಸುದ್ದಿ ಬಂದಿರಲಿಲ್ಲ.

ಬೀಗಿತಿ, ಅವರ ಯಜಮಾನರು, ನನ್ನ ಮಗ, ನಾನು, ಹೀಗೆ ನಾಲ್ಕು ಕೈ. ಬೀಗಿತಿ ತಮ್ಮ ಕೈಯಿಂದ ಒಂದು ಎಲೆ ತೆಗೆದು ಬೋರಲು ಇಟ್ಟರು. ಮೈಸೂರಿನಲ್ಲೂ ಹುಕುಂ ಮುಚ್ಚಿಡುತ್ತಾರೆ! ಕುರಿಯಿಲ್ಲ, ಬಯಲಿಲ್ಲ, ಅಷ್ಟು ದೂರದ ಊರಲ್ಲಿ ನಮ್ಮ ಮಾವನ ಕಾಯ್ದೆ! ಫ್ಯಾನಿನ ಗಾಳಿಗೆ ಎಲೆ ಪಟಪಟ ಎಂದಿತು. ಬೀಗಿತಿ ಕೈಗೆ ಸಿಕ್ಕ ನೀರಿನ ಲೋಟ ತೆಗೆದು ಅದರ ಮೇಲಿಡಲು ಹೋದರು.

"ತಡೀರಿ!" ಎಂದು ಕೂಗಿದೆ. ತೊಟ್ಟಿಲಲ್ಲಿ ಕೂಸು ಬೆಚ್ಚಿತು. ಭಾಗ್ಯ, "ಏನಾತಬೇ ಅಜ್ಜಿ?" ಎಂದು ಓಡಿ ಬಂದಳು. ನನ್ನ ಮಗ ಮಾತ್ರ ಏನೂ ಕೇಳದೆ ಎದ್ದು ಹೋಗಿ, ತಾನು ತಿಕ್ಕಿ ಹೊಳೆಯಿಸಿದ ಆ ತಗ್ಗಿನ ಚರಿಗೆ ತಂದು ನಡುವೆ ಇಟ್ಟ.

"ಹುಕುಂ ಇದರ ಅಡಿಗೆ ಇಡ್ರಿ," ಎಂದೆ. "ಆ ಲೋಟ ಕುಡಿಯಾಕ ಇರಲಿ."

ಬೀಗಿತಿ ಚರಿಗೆ ಎತ್ತಿ ಒಳಗೆ ಇಣುಕಿದರು. "ಖಾಲಿ ಇದೆಯಲ್ಲ ಅಜ್ಜಿ? ನೀರು ತುಂಬಿಸಿದ್ರೆ ಭಾರ ಆಗ್ತಿತ್ತು."

"ತುಂಬೇ ಇತ್ರಿ," ಎಂದೆ. "ಆ ನೀರು ನಮ್ಮ ಮಾವ ಸುರಪುರಕ್ಕ ಒಯ್ದು ಕುಡಿಸಿ ಬಂದಾರ."